ಮನೆ ಮೇಲೆ ಡೆಲಿವರಿ ಡ್ರೋನ್: ಬೇಡ ಅಂದರೆ ನಾವು ಹಳೇ ಕಾಲದವರಾ?

ಪ್ರಶ್ನೆ: ನಮ್ಮ ಬಡಾವಣೆಯ ಅಂಚಿನಲ್ಲಿರುವ ಖಾಲಿ ಜಾಗದಿಂದ ಡ್ರೋನ್‌ಗಳಲ್ಲಿ ಮನೆಮನೆಗೆ ಸಾಮಾನು ತಲುಪಿಸಲು ಒಂದು ಕಂಪನಿ ತಯಾರಿ ನಡೆಸಿದೆ. ಆ ಜಾಗ ನಮ್ಮ ಮನೆಯಿಂದ ಎರಡೇ ರಸ್ತೆ ಆಚೆ. ಮೊನ್ನೆ ಡೆಮೊ ತೋರಿಸಿದರು. ನಾಲ್ಕೈದು ಹಾರಾಟ ಅಷ್ಟೇ. ಸದ್ದು ಅಂಥಾ ಜೋರೇನೂ ಇರಲಿಲ್ಲ, ಆದರೆ ಯಾಕೋ ತುಂಬಾ ಕಿರಿಕಿರಿ ಆಯ್ತು. ಮನೆಯಲ್ಲಿ ಹಾಸಿಗೆ ಹಿಡಿದಿರುವ ಅತ್ತೆ ಇದ್ದಾರೆ, ಅವರಿಗೆ ಹಗಲಲ್ಲೇ ನಿದ್ದೆ ಜಾಸ್ತಿ. ನಿವಾಸಿಗಳ ಸಭೆಯಲ್ಲಿ ನಾನು ಆಕ್ಷೇಪ ಎತ್ತಿದೆ. "ಆಮೇಲೆ ಅಭ್ಯಾಸ ಆಗುತ್ತೆ ಬಿಡಿ" ಅಂದರು. ಹತ್ತರಲ್ಲಿ ಎಂಟು ಜನ ಡ್ರೋನ್ ಒಪ್ಪುತ್ತಾರೆ ಅಂತ ಸಮೀಕ್ಷೆ ಹೇಳುತ್ತೆ ಎಂದು ಕಂಪನಿಯವರು ತೋರಿಸಿದರು. ನನ್ನ ಮಗನೇ "ಅಮ್ಮ, ಹೊಸದೇನೇ ಬಂದರೂ ನಿನಗೆ ಬೇಡ" ಅಂತಾನೆ. ಕ್ಯಾಮೆರಾದಲ್ಲಿ ನಮ್ಮ ಮನೆಯೊಳಗೆ ಕಾಣಿಸುತ್ತಾ? ತಲೆ ಮೇಲೆ ಬಿದ್ದರೆ? ನಮ್ಮ ಮನೆ ಮೇಲೆ ಹಾರಬೇಡಿ ಅನ್ನುವ ಹಕ್ಕು ನಮಗಿದೆಯಾ? ಅಥವಾ ನಾನು ಸುಮ್ನೆ ಹೆದರುತ್ತಿದ್ದೀನಾ?

ಉತ್ತರ: ನೀವು ಸುಮ್ನೆ ಹೆದರುತ್ತಿಲ್ಲ. "ಜೋರೇನೂ ಇರಲಿಲ್ಲ, ಆದರೆ ಕಿರಿಕಿರಿ ಆಯ್ತು" ಅಂತ ಬರೆದಿದ್ದೀರಲ್ಲ, ಡ್ರೋನ್ ಬಗ್ಗೆ ಜನರಿಗಿರುವ ಅರ್ಧ ತಕರಾರು ಆ ಮಾತಿನಲ್ಲೇ ಇದೆ. ಶಬ್ದ ಅಳೆಯುವುದು ನನ್ನ ಕಸುಬು. ಹೆದ್ದಾರಿ, ವಿಮಾನ ನಿಲ್ದಾಣ, ಕಾರ್ಖಾನೆಗಳ ಪಕ್ಕದ ಮನೆಗಳಲ್ಲಿ ಮೀಟರ್ ಇಟ್ಟುಕೊಂಡು ಕೂತಿದ್ದೇನೆ. ಮೀಟರ್ ತೋರಿಸುವ ಅಂಕಿ ಕಡಿಮೆ ಇದೆ ಅನ್ನುವ ಒಂದೇ ಕಾರಣಕ್ಕೆ ಮನೆಯವರ ಮಾತನ್ನು ಪಕ್ಕಕ್ಕಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅದು ತಪ್ಪು. ಯಾಕೆ ಅಂತ ಹೇಳುತ್ತೇನೆ.

ರಾತ್ರಿ ಕಿವಿ ಹತ್ತಿರ ಬರುವ ಸೊಳ್ಳೆಯನ್ನು ನೆನಪಿಸಿಕೊಳ್ಳಿ. ಅದರ ಸದ್ದು ತಲೆ ಮೇಲೆ ತಿರುಗುವ ಫ್ಯಾನಿನ ಸದ್ದಿಗಿಂತ ಎಷ್ಟೋ ಕಡಿಮೆ. ಆದರೂ ಫ್ಯಾನಿನ ಕೆಳಗೆ ನಿದ್ದೆ ಬರುತ್ತೆ, ಸೊಳ್ಳೆ ಬಂದರೆ ಹಾರಿಹೋಗುತ್ತೆ. ಡೆಸಿಬೆಲ್ ಅನ್ನುವುದು ಸದ್ದಿನ ಮಟ್ಟವನ್ನಷ್ಟೇ ಹೇಳುತ್ತದೆ, ಸದ್ದಿನ ಗುಣವನ್ನು ಹೇಳುವುದಿಲ್ಲ. ಇಂಥ ಡ್ರೋನ್‌ನಲ್ಲಿ ಸಾಮಾನ್ಯವಾಗಿ ನಾಲ್ಕಾದರೂ ಪ್ರೊಪೆಲ್ಲರ್ ಇರುತ್ತವೆ, ಕೆಲವದರಲ್ಲಿ ಹತ್ತಕ್ಕೂ ಜಾಸ್ತಿ. ಎರಡು ಅಲಗಿನ ಒಂದು ಪ್ರೊಪೆಲ್ಲರ್ ನಿಮಿಷಕ್ಕೆ 6,000 ಸುತ್ತು ತಿರುಗಿತು ಅಂದುಕೊಳ್ಳಿ. ಸೆಕೆಂಡಿಗೆ 200 ಸಲ ಅಲಗು ಗಾಳಿಯನ್ನು ಬಡಿಯುತ್ತದೆ. ಅದು 200 ಹರ್ಟ್ಜ್‌ನ ಒಂದು ಸ್ವರ. ಅದರ ಮೇಲೆ 400, 600, 800 ಅಂತ ಸ್ವರಗಳ ಸಾಲೇ ಏಳುತ್ತದೆ. ಮೋಟರಿನ ಕೀಚಲು ದನಿ ಬೇರೆ. ನಮ್ಮ ಕಿವಿ 2,000 ರಿಂದ 5,000 ಹರ್ಟ್ಜ್ ನಡುವೆ ತುಂಬಾ ಚುರುಕು. ಡ್ರೋನಿನ ಸದ್ದು ಅಲ್ಲಿಯವರೆಗೂ ಚಾಚಿರುತ್ತದೆ.

ಇನ್ನೊಂದು ಸಂಗತಿ. ಗಾಳಿ ಬೀಸಿದಾಗ ಡ್ರೋನ್ ಸಮತೋಲನ ಕಾಪಾಡಿಕೊಳ್ಳಲು ಒಂದೊಂದು ಪ್ರೊಪೆಲ್ಲರಿನ ವೇಗವನ್ನೂ ಕ್ಷಣಕ್ಷಣಕ್ಕೆ ಏರಿಳಿಸುತ್ತದೆ. ಹಾಗಾಗಿ ಸ್ವರಗಳು ಒಂದಕ್ಕೊಂದು ಸ್ವಲ್ಪ ಆಚೀಚೆ ಆಗಿ, ಸದ್ದು ನಡುಗಿದಂತೆ, ಅಲೆದಾಡಿದಂತೆ ಕೇಳುತ್ತದೆ. ಒಂದೇ ಸಮ ಇರುವ ಸದ್ದನ್ನು ಮಿದುಳು ಹಿಂದಕ್ಕೆ ತಳ್ಳಿಬಿಡುತ್ತದೆ. ಸದಾ ಬದಲಾಗುವ ಸದ್ದನ್ನು ತಳ್ಳಲು ಆಗುವುದಿಲ್ಲ, ಗಮನ ಅಲ್ಲೇ ಹೋಗುತ್ತದೆ.

ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. ಅಮೆರಿಕದ ನಾಸಾದ ಲ್ಯಾಂಗ್ಲಿ ಸಂಶೋಧನಾ ಕೇಂದ್ರದಲ್ಲಿ ಡ್ರೋನ್ ಸದ್ದನ್ನೂ ರಸ್ತೆ ವಾಹನಗಳ ಸದ್ದನ್ನೂ ಜನರಿಗೆ ಕೇಳಿಸಿ ನೋಡಿದರು. 2017ರಲ್ಲಿ ಅದರ ಫಲಿತಾಂಶ ಬಂತು. ಮಟ್ಟ ಒಂದೇ ಇದ್ದರೂ ಡ್ರೋನ್ ಸದ್ದೇ ಹೆಚ್ಚು ಕಿರಿಕಿರಿ ಅಂತ ಕೇಳಿದವರು ಹೇಳಿದರು. ನಿಮಗೆ ಆದದ್ದೂ ಅದೇ.

ಡ್ರೋನ್ ಹಾದು ಹೋಗುವುದು ಬೇರೆ, ನಿಂತುಕೊಳ್ಳುವುದು ಬೇರೆ. ಹಾದು ಹೋದರೆ ಸದ್ದು ಏರುತ್ತೆ, ಇಳಿಯುತ್ತೆ, ಮುಗಿಯಿತು. ಡೆಲಿವರಿ ಕೊಡುವಾಗ ಅದು ಪಕ್ಕದ ಮನೆಯ ಹಿತ್ತಲಿನ ಮೇಲೆ ಬಂದು ನಿಲ್ಲುತ್ತದೆ. ರೆಕ್ಕೆಯ ಬಲ ಇಲ್ಲದೆ ಬರೀ ಪ್ರೊಪೆಲ್ಲರ್ ಬಲದ ಮೇಲೆ ನಿಲ್ಲಬೇಕಾದ್ದರಿಂದ ಮೋಟರ್‌ಗಳು ಹೆಚ್ಚು ದುಡಿಯುತ್ತವೆ. ಸಣ್ಣ ಹಗ್ಗ ಇಳಿಯುತ್ತದೆ, ಪೊಟ್ಟಣ ನೆಲ ಮುಟ್ಟುತ್ತದೆ, ಕೊಕ್ಕೆ ಕಳಚಿಕೊಳ್ಳುತ್ತದೆ, ಹಗ್ಗ ಮೇಲೆ ಸುತ್ತಿಕೊಳ್ಳುತ್ತದೆ. ಅಷ್ಟು ಹೊತ್ತೂ ಸದ್ದು ಜಾಗ ಬಿಟ್ಟು ಕದಲುವುದಿಲ್ಲ. ಗೋಡೆಗಳ ನಡುವೆ ಬಡಿದು ವಾಪಸು ಬರುತ್ತದೆ. ನಿಮ್ಮ ಅತ್ತೆಯವರ ಕೋಣೆಯ ಕಿಟಕಿ ಅದೇ ಹಿತ್ತಲಿಗೆ ತೆರೆದುಕೊಂಡಿದ್ದರೆ ಅವರಿಗೆ ತೊಂದರೆ ಕೊಡುವುದು ಈ ಹೊತ್ತೇ.

ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹೊರದೇಶಗಳಲ್ಲಿ ಡ್ರೋನ್ ಡೆಲಿವರಿ ನಡೆಸುವ ವಿಂಗ್ ಕಂಪನಿಯ ಡ್ರೋನ್ ಸುಮಾರು 7 ಮೀಟರ್ ಎತ್ತರಕ್ಕೆ ಇಳಿದು ನಿಂತು ಪೊಟ್ಟಣ ಬಿಡುತ್ತದೆ. ಜಿಪ್‌ಲೈನ್ ಕಂಪನಿಯ ಹೊಸ ಮಾದರಿ ಸುಮಾರು 90 ಮೀಟರ್ ಮೇಲೆಯೇ ನಿಂತು, ಉದ್ದ ಹಗ್ಗದಲ್ಲಿ ಒಂದು ಚಿಕ್ಕ ಯಂತ್ರವನ್ನು ಕೆಳಗೆ ಬಿಡುತ್ತದೆ. ಎರಡನ್ನೂ "ಡ್ರೋನ್ ಡೆಲಿವರಿ" ಅಂತಲೇ ಕರೆಯುತ್ತಾರೆ. ಕೆಳಗಿದ್ದವರಿಗೆ ಎರಡೂ ಒಂದೇ ಅಲ್ಲ. ಹಾಗಾಗಿ ಯಾರಾದರೂ "ಡ್ರೋನ್ ಸದ್ದು ಏನೂ ಅಲ್ಲ" ಅಥವಾ "ಡ್ರೋನ್ ಬಂದರೆ ಬದುಕೋಕೇ ಆಗಲ್ಲ" ಅಂದರೆ, ಯಾವ ಡ್ರೋನ್ ಅಂತ ಮೊದಲು ಕೇಳಬೇಕು.

ಈಗ "ಅಭ್ಯಾಸ ಆಗುತ್ತೆ" ಅನ್ನುವ ಮಾತಿಗೆ ಬರೋಣ. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮೂರು ಊರುಗಳಲ್ಲಿ ಆದದ್ದನ್ನು ಹೇಳುತ್ತೇನೆ.

ಆಸ್ಟ್ರೇಲಿಯಾದ ಕ್ಯಾನ್‌ಬೆರಾ ನಗರದ ಬೊನಿಥನ್ ಬಡಾವಣೆಯಲ್ಲಿ ವಿಂಗ್ ಕಂಪನಿ 2018ರಲ್ಲಿ ಪ್ರಯೋಗ ನಡೆಸಿತು. ಸದ್ದು ತಡೆಯಲಾಗದೆ ನಿವಾಸಿಗಳು ಸಂಘಟಿತರಾದರು. ವಿಷಯ ಅಲ್ಲಿನ ಶಾಸನಸಭೆಯ ವಿಚಾರಣೆವರೆಗೆ ಹೋಯಿತು. ಕಂಪನಿ ಆಮೇಲೆ ಸದ್ದೂ ಸ್ವರವೂ ತಗ್ಗುವಂಥ ಹೊಸ ಪ್ರೊಪೆಲ್ಲರ್ ತಂದಿತು. ಅಮೆರಿಕದ ವರ್ಜೀನಿಯಾದ ಕ್ರಿಸ್ಚಿಯನ್ಸ್‌ಬರ್ಗ್‌ನಲ್ಲಿ ಅದೇ ಕಂಪನಿ 2019ರ ಅಕ್ಟೋಬರ್‌ನಲ್ಲಿ ಸೇವೆ ಶುರು ಮಾಡಿತು. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ಆ ಊರಿನವರನ್ನು ಕೇಳಿ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ 87ರಷ್ಟು ಜನ ಒಳ್ಳೆಯ ಅಭಿಪ್ರಾಯವನ್ನೇ ಹೇಳಿದರು. ಡ್ರೋನ್ ಜೊತೆ ಬಾಳಿ ನೋಡಿದ ಜನರ ಮಾತು ಅದು. ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಮೂರನೆಯದು ಟೆಕ್ಸಾಸ್‌ನ ಕಾಲೇಜ್ ಸ್ಟೇಷನ್. ಅಮೆಜಾನ್ ಅಲ್ಲಿ 2022ರ ಕೊನೆಯಲ್ಲಿ ಹಾರಾಟ ಆರಂಭಿಸಿತು. ವಿಂಗ್‌ನ ಡ್ರೋನ್ ಐದಾರು ಕಿಲೋ ತೂಗಿದರೆ ಅಮೆಜಾನ್‌ನದು 35 ಕಿಲೋ ದಾಟುತ್ತದೆ. ಒಂದೂವರೆ ವರ್ಷ ಕಳೆದರೂ ಹತ್ತಿರದ ಮನೆಗಳವರಿಗೆ ಅಭ್ಯಾಸ ಆಗಲಿಲ್ಲ. ದಿನಕ್ಕೆ 200 ಇದ್ದ ಡೆಲಿವರಿ ಮಿತಿಯನ್ನು 469ಕ್ಕೆ ಏರಿಸಲು, ಬೆಳಿಗ್ಗೆ 7 ರಿಂದ ರಾತ್ರಿ 10ರವರೆಗೆ ಹಾರಿಸಲು ಕಂಪನಿ ಅನುಮತಿ ಕೇಳಿದಾಗ ಜನ ಸಿಡಿದೆದ್ದರು. 2024ರ ಜುಲೈನಲ್ಲಿ ಊರಿನ ಮೇಯರ್ ಅಮೆರಿಕದ ವಿಮಾನಯಾನ ಆಡಳಿತಕ್ಕೆ ಪತ್ರ ಬರೆದರು. ಹೊಸ ಡ್ರೋನ್ ಮೊದಲಿನದಕ್ಕಿಂತ ಸದ್ದು ಕಡಿಮೆ ಮಾಡುತ್ತದೆ ಅಂತ ಕಂಪನಿ ಹೇಳಿತು. ಆದರೂ ಕೊನೆಗೆ ಆ ಜಾಗದ ಗುತ್ತಿಗೆ ನವೀಕರಿಸದಿರಲು ನಿರ್ಧರಿಸಿತು.

469ನ್ನು 15 ಗಂಟೆಗೆ ಹಂಚಿ ನೋಡಿ. ಹೆಚ್ಚುಕಮ್ಮಿ ಎರಡು ನಿಮಿಷಕ್ಕೊಂದು ಹಾರಾಟ. ಹೋಗಿದ್ದು ವಾಪಸು ಬರಲೇಬೇಕಲ್ಲ, ಹಬ್ (ಡ್ರೋನ್‌ಗಳು ಹೊರಟು ವಾಪಸು ಬಂದಿಳಿಯುವ ಜಾಗ) ಪಕ್ಕದವರಿಗೆ ಅದು ನಿಮಿಷಕ್ಕೊಂದರಂತೆ ಕೇಳುತ್ತದೆ.

ನಿಮ್ಮ ಪತ್ರ ಓದಿ ನನಗೆ ನಿಜವಾಗಿ ಆತಂಕ ಆಗಿದ್ದು ಇಲ್ಲೇ. ನೀವಿರುವುದು ಹಬ್‌ನಿಂದ ಎರಡು ರಸ್ತೆ ಆಚೆ. ಸಾಮಾನು ತರಿಸಿಕೊಳ್ಳುವ ಮನೆಗಳು ಸುತ್ತ ಹತ್ತು ಕಿಲೋಮೀಟರ್ ಹರಡಿರಬಹುದು. ಅವರಲ್ಲಿ ಒಬ್ಬೊಬ್ಬರಿಗೆ ಬೀಳುವುದು ವಾರಕ್ಕೆ ಒಂದೆರಡು ಹಾರಾಟದ ಸದ್ದು. ಆದರೆ ಎಲ್ಲ ಹಾರಾಟವೂ ಶುರುವಾಗುವುದು, ಮುಗಿಯುವುದು ಹಬ್‌ನಲ್ಲೇ. ಹತ್ತಿರದ ಕೆಲವು ನೂರು ಮನೆಗಳಿಗೆ ಅಷ್ಟೂ ಕೇಳುತ್ತದೆ. ಪ್ರಯೋಜನ ಊರೆಲ್ಲ ಹಂಚಿಕೊಳ್ಳುತ್ತದೆ, ಸದ್ದು ಮಾತ್ರ ಒಂದು ಮೂಲೆಗೆ ಬಂದು ಬೀಳುತ್ತದೆ. ಡೆಮೊ ದಿನದ ನಾಲ್ಕೈದು ಹಾರಾಟ ನೋಡಿ ಇದನ್ನು ಯಾರೂ ಊಹಿಸಲಾರರು.

ಸಮೀಕ್ಷೆಗಳೂ ಇದನ್ನು ಹೇಳುವುದಿಲ್ಲ. ಕಂಪನಿಯವರು ತೋರಿಸಿದ್ದು ಬಹುಶಃ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನ ಇರಬಹುದು. ಆರು ನಗರ ಪ್ರದೇಶಗಳಲ್ಲಿ ಕೇಳಿದಾಗ ಶೇ 83ರಷ್ಟು ಜನ ನಗರದೊಳಗಿನ ಇಂಥ ಹಾರಾಟದ ಬಗ್ಗೆ ಒಲವು ತೋರಿದರು, ನಿಜ. ಆದರೆ ಅದೇ ಅಧ್ಯಯನದಲ್ಲಿ ಸುರಕ್ಷತೆ, ಸದ್ದು, ಭದ್ರತೆಯ ಚಿಂತೆ ಎದ್ದು ಕಂಡಿತು. ಜನ ತುಂಬು ಮನಸ್ಸಿನಿಂದ ಒಪ್ಪಿದ್ದು ತುರ್ತು ಚಿಕಿತ್ಸೆಗೆ, ಔಷಧಿ ಸಾಗಿಸುವುದಕ್ಕೆ. "ಡ್ರೋನ್ ಬಂದರೆ ಒಳ್ಳೆಯದಾ?" ಅಂತ ಕೇಳಿದರೆ ನಾನೂ ಹೌದು ಅನ್ನುತ್ತೇನೆ. "ನಿಮ್ಮ ಮಲಗುವ ಕೋಣೆ ಮೇಲೆ ದಿನಕ್ಕೆ ಇನ್ನೂರು ಸಲ?" ಅಂತ ಕೇಳಿದರೆ ಉತ್ತರ ಅದೇ ಇರುತ್ತಾ?

ಶಬ್ದದ ಕಿರಿಕಿರಿ ಬರೀ ಕಿವಿಯಲ್ಲಿ ಹುಟ್ಟುವುದಿಲ್ಲ ಅನ್ನುವುದು ನಮ್ಮ ಕ್ಷೇತ್ರದಲ್ಲಿ ಹಳೆಯ ಅರಿವು. ನೆದರ್‌ಲೆಂಡ್ಸ್‌ನಲ್ಲಿ ಗಾಳಿಯಂತ್ರಗಳ ಪಕ್ಕದ ಮನೆಗಳ ಅಧ್ಯಯನ ನಡೆದಿತ್ತು. ಗಾಳಿಯಂತ್ರದಿಂದ ಆದಾಯ ಪಡೆಯುವವರು ಯಂತ್ರಕ್ಕೆ ಹತ್ತಿರವೇ ಇದ್ದರು, ಸದ್ದೂ ಅವರಿಗೆ ಜಾಸ್ತಿಯೇ ಕೇಳುತ್ತಿತ್ತು. ಆದರೂ ಅವರಿಗೆ ಕಿರಿಕಿರಿ ತುಂಬಾ ಕಡಿಮೆ. ಯಂತ್ರ ತಮ್ಮದು, ನಿರ್ಧಾರ ತಮ್ಮದು ಅನ್ನುವ ಭಾವ ಅಷ್ಟು ಕೆಲಸ ಮಾಡುತ್ತದೆ. ರುವಾಂಡಾದಲ್ಲಿ 2016ರಿಂದ ಡ್ರೋನ್‌ಗಳು ಆಸ್ಪತ್ರೆಗಳಿಗೆ ರಕ್ತ ಸಾಗಿಸುತ್ತಿವೆ. ಅದರ ಸದ್ದು ಕೇಳಿದವನಿಗೆ ಒಂದು ಜೀವ ಉಳಿಯಬಹುದು ಅಂತ ಗೊತ್ತು. ಅದೇ ಸದ್ದು ಪಕ್ಕದ ಮನೆಯವರ ಬಿಸಿ ಕಾಫಿಗಾಗಿ ಬಂದರೆ ಮನಸ್ಸು ಬೇರೆ ಲೆಕ್ಕ ಹಾಕುತ್ತದೆ. ಇದರಲ್ಲಿ ಹೊಟ್ಟೆಕಿಚ್ಚಿನ ಮಾತೇ ಇಲ್ಲ. ತನ್ನನ್ನು ಕೇಳದೆ ತನ್ನ ಮೇಲೆ ಹೇರಿದ್ದು ಯಾರಿಗಾದರೂ ಚುಚ್ಚುತ್ತದೆ. ನಿಮ್ಮ ಮಗನಿಗೆ ಇದನ್ನು ಹೇಳಿ. ಹೊಸದನ್ನು ಬೇಡ ಅನ್ನುವುದಕ್ಕೂ, ಹೊಸದರ ಭಾರ ಯಾರ ಮೇಲೆ ಬೀಳುತ್ತೆ ಅಂತ ಕೇಳುವುದಕ್ಕೂ ವ್ಯತ್ಯಾಸ ಇದೆ.

ಕ್ಯಾಮೆರಾ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಡೆಲಿವರಿ ಡ್ರೋನ್‌ಗಳಲ್ಲಿ ಸಾಮಾನ್ಯವಾಗಿ ಕ್ಯಾಮೆರಾ ಇರುತ್ತದೆ. ದಾರಿ ಹಿಡಿಯಲು, ಇಳಿಸುವ ಜಾಗದಲ್ಲಿ ಮನುಷ್ಯರು, ನಾಯಿ, ತಂತಿ ಇದೆಯಾ ಅಂತ ನೋಡಲು ಅದು ಬೇಕೇ ಬೇಕು. ವಿಂಗ್‌ನಂಥ ಕಂಪನಿಗಳು ತಮ್ಮದು ಮಸುಕಾದ ಕಪ್ಪು-ಬಿಳುಪು ಚಿತ್ರ, ಯಾರೂ ನೇರವಾಗಿ ಕೂತು ನೋಡುವುದಿಲ್ಲ ಎನ್ನುತ್ತವೆ. ಯಾರೋ ಪರದೆ ಮುಂದೆ ಕೂತು ನಿಮ್ಮ ಕಿಟಕಿಯೊಳಗೆ ಇಣುಕುತ್ತಾರೆ ಅನ್ನುವ ಭಯಕ್ಕೆ ಹೆಚ್ಚು ಆಧಾರ ಇಲ್ಲ. ಕೇಳಬೇಕಾದ್ದು ಬೇರೆ: ಚಿತ್ರ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾರಿಗೆ ಕೊಡುತ್ತಾರೆ, ನಮ್ಮ ಹಿತ್ತಲಿನ ಚಿತ್ರ ಅಳಿಸಿ ಅಂದರೆ ಅಳಿಸುತ್ತಾರಾ? ಉತ್ತರ ಲಿಖಿತವಾಗಿ ಬರಲಿ.

ಬೀಳುವ ಭಯ ಸುಳ್ಳಲ್ಲ, ಆದರೆ ಸದ್ದಿನಷ್ಟು ದಿನನಿತ್ಯದ್ದೂ ಅಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ಬಳಿ ಒಂದು ಡೆಲಿವರಿ ಡ್ರೋನ್ ವಿದ್ಯುತ್ ತಂತಿ ಮೇಲೆ ಇಳಿದು ಸುಮಾರು 2,000 ಮನೆಗಳಿಗೆ ಕರೆಂಟ್ ಹೋಯಿತು. 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಅರಿಜೋನಾದಲ್ಲಿ ಎರಡು ಡ್ರೋನ್‌ಗಳು ಒಂದೇ ಕ್ರೇನಿಗೆ ಬಡಿದು ಬಿದ್ದವು. ನಕ್ಷೆಯಲ್ಲಿ ಇಲ್ಲದ, ನಿನ್ನೆ ಮೊನ್ನೆ ಬಂದು ನಿಂತ ವಸ್ತುಗಳೇ ದೊಡ್ಡ ಅಪಾಯ ಅನ್ನುವುದು ಇಂಥ ಘಟನೆಗಳಿಂದ ತಿಳಿಯುತ್ತದೆ. ನಿಮ್ಮಲ್ಲಿ ಕಟ್ಟಡ ಕೆಲಸ ನಡೆಯುತ್ತಿದ್ದರೆ ಕಂಪನಿಗೆ ತಿಳಿಸುವವರು ಯಾರು ಅಂತ ಮೊದಲೇ ಗೊತ್ತಿರಬೇಕು. ಹಾಗೇ, ಗೂಡು ಕಟ್ಟುವ ಕಾಲದಲ್ಲಿ ಕಾಗೆ ಜಾತಿಯ ಹಕ್ಕಿಗಳು ಡ್ರೋನ್ ಮೇಲೆ ಎರಗುವುದುಂಟು. ಕ್ಯಾನ್‌ಬೆರಾದಲ್ಲಿ 2021ರಲ್ಲಿ ಇದೇ ಕಾರಣಕ್ಕೆ ಕೆಲವು ಕಡೆ ಹಾರಾಟ ನಿಲ್ಲಿಸಿದ್ದರು.

ಹಕ್ಕಿನ ಪ್ರಶ್ನೆಗೆ ನಿಮಗೆ ಇಷ್ಟವಾಗದ ಉತ್ತರ ಕೊಡಬೇಕಾಗಿದೆ. ಮನೆ ಮೇಲಿನ ಆಕಾಶವೆಲ್ಲ ಮನೆಯವರದ್ದು ಅನ್ನುವ ನಂಬಿಕೆಗೆ ಇವತ್ತಿನ ಕಾನೂನಿನಲ್ಲಿ ಬಲ ಇಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1946ರಲ್ಲೇ ಕಾಸ್ಬಿ ಪ್ರಕರಣದಲ್ಲಿ ಹಾಗಂತ ಹೇಳಿತು. ಕೋಳಿ ಸಾಕುವ ಒಬ್ಬ ರೈತನ ಜಮೀನಿನ ಮೇಲೆ ಸೇನಾ ವಿಮಾನಗಳು ತೀರಾ ಕೆಳಗೆ ಹಾರುತ್ತಿದ್ದವು, ಕೋಳಿಗಳು ಬೆದರಿ ಸಾಯುತ್ತಿದ್ದವು. ಕೋರ್ಟ್ ರೈತನಿಗೆ ಪರಿಹಾರ ಕೊಡಿಸಿತು, ಆದರೆ ನೆಲದ ಬಳಕೆಗೆ ಬೇಕಾದಷ್ಟು ಎತ್ತರ ಮಾತ್ರ ಅವನದು ಎಂದಿತು. ಆ ಎತ್ತರ ಎಷ್ಟು ಅನ್ನುವ ಗೆರೆ ಎಳೆಯಲಿಲ್ಲ. ಡ್ರೋನ್ ಹಾರುವುದು ಸರಿಯಾಗಿ ಆ ಗೆರೆ ಇಲ್ಲದ ಜಾಗದಲ್ಲೇ. ಬೇರೆ ದೇಶಗಳಲ್ಲೂ ಆಕಾಶದ ಹಿಡಿತ ವಿಮಾನಯಾನ ಪ್ರಾಧಿಕಾರದ ಕೈಯಲ್ಲೇ ಇರುತ್ತದೆ, ನಿವಾಸಿಗಳ ಸಂಘದ ಕೈಯಲ್ಲಿ ಅಲ್ಲ. ಸಿಟ್ಟಿನಲ್ಲಿ ಕಲ್ಲು ಹೊಡೆಯುವುದು, ಬೀಳಿಸುವುದು ಖಂಡಿತ ಬೇಡ. 2024ರಲ್ಲಿ ಫ್ಲೋರಿಡಾದಲ್ಲಿ ಡೆಲಿವರಿ ಡ್ರೋನ್‌ಗೆ ಗುಂಡು ಹೊಡೆದವರನ್ನು ಬಂಧಿಸಿದರು.

ಆದರೆ ನೆಲ ಸ್ಥಳೀಯ ಆಡಳಿತದ್ದು. ಹಬ್ ಇರುವುದು ನೆಲದ ಮೇಲೆ. ಆ ಖಾಲಿ ಜಾಗದಲ್ಲಿ ಯಾವ ಬಗೆಯ ವ್ಯವಹಾರ ನಡೆಸಬಹುದು, ಎಷ್ಟು ಹೊತ್ತು, ವಾಸದ ಮನೆಗಳಿಂದ ಎಷ್ಟು ಅಂತರದಲ್ಲಿ ಅನ್ನುವುದು ಭೂಬಳಕೆಯ ಪ್ರಶ್ನೆ. ಅದರಲ್ಲಿ ನಿಮ್ಮ ಮಾತಿಗೆ ಬೆಲೆ ಇದೆ. ನನ್ನ ಸಲಹೆ, ನಿಮ್ಮ ಶಕ್ತಿಯನ್ನೆಲ್ಲ ಅಲ್ಲಿ ಹಾಕಿ.

ನಿಮ್ಮ ಮುಂದೆ ಕೆಲವು ದಾರಿ ಇವೆ. ಪೂರ್ತಿ ವಿರೋಧಿಸಬಹುದು. ಹಬ್ ಜಾಗ ನಿಜವಾಗಿಯೂ ಮನೆಗಳಿಗೆ ಅಂಟಿಕೊಂಡಿದ್ದರೆ ಇದು ನ್ಯಾಯವಾದದ್ದೇ. ಅಪಾಯ ಏನೆಂದರೆ, ಔಷಧಿ ಬೇಗ ಬರಲಿ ಅನ್ನುವ ಅಕ್ಕಪಕ್ಕದವರು ನಿಮ್ಮಿಂದ ದೂರ ಆಗುತ್ತಾರೆ, ಅನುಮತಿ ಸಿಕ್ಕಿಬಿಟ್ಟರೆ ಷರತ್ತು ಹಾಕುವ ಹೊತ್ತು ದಾಟಿರುತ್ತದೆ. ಎರಡನೆಯದು, ಹಬ್ ಬೇರೆ ಕಡೆ ಹೋಗಲಿ ಅನ್ನುವುದು. ಕೈಗಾರಿಕಾ ಜಾಗ, ದೊಡ್ಡ ರಸ್ತೆಯ ಪಕ್ಕ, ಮೊದಲೇ ಸದ್ದಿರುವ ಕಡೆ ಡ್ರೋನ್ ಸದ್ದು ಮುಚ್ಚಿಹೋಗುತ್ತದೆ. ನಾನಾದರೆ ಇದನ್ನೇ ಮೊದಲು ಕೇಳುತ್ತೇನೆ. ಅಲ್ಲಿ ಮನೆ ಮಾಡಿಕೊಂಡಿರುವ, ದನಿ ಎತ್ತಲಾಗದ ಜನರ ಮೇಲೆ ಅದು ಬೀಳದಂತೆ ಮಾತ್ರ ನೋಡಿಕೊಳ್ಳಬೇಕು. ಮನೆಮನೆಗೆ ಬಿಡುವ ಬದಲು ಬಡಾವಣೆಗೆ ಒಂದೇ ಇಳಿಸುವ ಜಾಗ ಇರಲಿ ಅನ್ನುವ ಸಲಹೆಯೂ ಕೇಳಿಬರುತ್ತದೆ. ಹಿತ್ತಲ ಮೇಲೆ ನಿಲ್ಲುವ ಕಾಟ ತಪ್ಪುತ್ತದೆ, ಆದರೆ ಆ ಜಾಗದ ಪಕ್ಕದ ಮನೆಯವರ ಗತಿ ಈಗ ನಿಮ್ಮದಾಗಿರುವ ಹಾಗೇ ಆಗುತ್ತದೆ.

ಷರತ್ತಿನ ಮೇಲೆ ಒಪ್ಪುವುದಾದರೆ ಮುಖ್ಯವಾದದ್ದು ಸಂಖ್ಯೆ. "ಶುರುವಿನಲ್ಲಿ ದಿನಕ್ಕೆ ಇಪ್ಪತ್ತು" ಅನ್ನುವ ಮಾತಿಗೆ ಸಹಿ ಹಾಕಬೇಡಿ. ಅನುಮತಿ ಪತ್ರದಲ್ಲಿ ದಿನದ ಗರಿಷ್ಠ ಎಷ್ಟು ಅಂತ ಕೇಳಿ. ಆಮೇಲೆ ಹೊತ್ತು: ಬೆಳಿಗ್ಗೆ ಎಷ್ಟಕ್ಕೆ ಶುರು, ಸಂಜೆ ಎಷ್ಟಕ್ಕೆ ಕೊನೆ, ರಜಾ ದಿನ ಏನು. ನಿಮ್ಮ ಅತ್ತೆಯವರಂಥವರಿಗೆ ಮಧ್ಯಾಹ್ನ ಒಂದೆರಡು ಗಂಟೆ ಬಿಡುವು ಕೇಳುವುದು ಅತಿಯಾಸೆ ಏನಲ್ಲ. ಹಾರುವ ದಾರಿ ಒಂದೇ ಸಾಲಿನ ಮನೆಗಳ ಮೇಲೆ ಇರದೆ ದಿನದಿನಕ್ಕೆ ಬದಲಾಗಲಿ, ಆದಷ್ಟು ರಸ್ತೆಯ ಮೇಲೆಯೇ ಹೋಗಲಿ. ಇಳಿಸುವಾಗ ನಿಲ್ಲುವ ಎತ್ತರ ಜಾಸ್ತಿ ಮಾಡಲು ಆಗುತ್ತಾ ಕೇಳಿ. ದೂರು ಕೊಡಲು ಒಂದು ಫೋನ್ ನಂಬರ್, ಉತ್ತರ ಕೊಡಲು ಒಂದು ಗಡುವು, ವಿಮೆಯ ವಿವರ, ಆರು ತಿಂಗಳ ನಂತರ ಮರುಪರಿಶೀಲನೆ. ಮರುಪರಿಶೀಲನೆಯಲ್ಲಿ ಹಾರಾಟ ಕಡಿಮೆ ಮಾಡುವ ಅಧಿಕಾರ ಯಾರಿಗೋ ಇರಲೇಬೇಕು, ಇಲ್ಲದಿದ್ದರೆ ಅದು ಬರೀ ಚಹಾ ಕುಡಿದು ಎದ್ದು ಬರುವ ಸಭೆ.

"ನಮ್ಮ ಸದ್ದು ಮಿತಿಯೊಳಗೇ ಇದೆ" ಅಂತ ಕಂಪನಿ ವರದಿ ತಂದರೆ ಅದು ಸರಾಸರಿಯ ಅಂಕಿಯಾ ಅಂತ ನೋಡಿ. ವಿಮಾನಗಳ ಸದ್ದನ್ನು ಹಗಲು ರಾತ್ರಿ ಸೇರಿಸಿ ಇಡೀ ದಿನಕ್ಕೆ ಹರಡಿ ಲೆಕ್ಕ ಹಾಕುವ ಪದ್ಧತಿ ಇದೆ. ಅಮೆರಿಕದಲ್ಲಿ ಆ ಸರಾಸರಿ 65 ಡೆಸಿಬೆಲ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ದೊಡ್ಡ ಪರಿಣಾಮ ಇಲ್ಲ ಅಂತ ಬರೆದುಬಿಡುತ್ತಾರೆ. ಅರ್ಧ ನಿಮಿಷದ ಸದ್ದನ್ನು 24 ಗಂಟೆಗೆ ಹರಡಿದರೆ ಏನು ಉಳಿಯುತ್ತೆ ಹೇಳಿ! ಅಲ್ಲಿನ ವಿಮಾನಯಾನ ಆಡಳಿತವೇ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹಳೆಯ ಲೆಕ್ಕ ಹೇಳುವುದಕ್ಕಿಂತ ತುಂಬಾ ಜಾಸ್ತಿ ಜನ ವಿಮಾನ ಸದ್ದಿನಿಂದ ಬಳಲುತ್ತಾರೆ ಅಂತ ಕಂಡುಬಂತು. ಹಾಗಾಗಿ ಒಂದೊಂದು ಹಾರಾಟದ ಗರಿಷ್ಠ ಮಟ್ಟ, ದಿನಕ್ಕೆ ಎಷ್ಟು ಸಲ, ಇವೆರಡನ್ನೂ ಬೇರೆಬೇರೆಯಾಗಿ ಕೇಳಿ.

ಸೇವೆ ಶುರುವಾಗುವ ಮೊದಲೇ ನೀವು ಮಾಡಬಹುದಾದ ಒಂದು ಕೆಲಸ ಇದೆ. ಅತ್ತೆಯವರ ಕೋಣೆಯಲ್ಲಿ, ಕಿಟಕಿ ತೆರೆದು, ಫೋನಿನ ಸದ್ದು ಅಳೆಯುವ ಆ್ಯಪ್ ಇಟ್ಟು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಸ್ವಲ್ಪ ಸ್ವಲ್ಪ ಹೊತ್ತು ದಾಖಲಿಸಿ. ಫೋನಿನ ಅಂಕಿ ಕರಾರುವಾಕ್ಕಾಗಿ ಇರುವುದಿಲ್ಲ, ಆದರೆ ಅದೇ ಫೋನ್, ಅದೇ ಜಾಗ ಆದರೆ ಮೊದಲಿಗೂ ಆಮೇಲಿಗೂ ಇರುವ ವ್ಯತ್ಯಾಸ ಚೆನ್ನಾಗಿ ತೋರಿಸುತ್ತದೆ. ಹಾರಾಟ ಶುರುವಾದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಸಮಯ, ಎಷ್ಟು ಹೊತ್ತು, ಆಗ ಏನಾಯಿತು ಅಂತ ಬರೆದಿಡಿ. ಅವರು ಎಚ್ಚರವಾದರಾ, ಮಾತು ನಿಲ್ಲಿಸಬೇಕಾಯಿತಾ. ಹತ್ತು ಮನೆಯವರು ಹೀಗೆ ಬರೆದ ಎರಡು ವಾರದ ಪುಟಗಳು ಸಭೆಯಲ್ಲಿ ಕೂಗಾಡುವುದಕ್ಕಿಂತ ಎಷ್ಟೋ ಪಾಲು ಮೇಲು. ನಿಮ್ಮ ಮಗನನ್ನೂ ಈ ಕೆಲಸಕ್ಕೆ ಸೇರಿಸಿಕೊಳ್ಳಿ. ಎರಡು ವಾರ ಅಜ್ಜಿಯ ಕೋಣೆಯಲ್ಲಿ ಕೂತು ಅವನೇ ಬರೆಯಲಿ.